ಗಾಳಿ ತೆಗೆಯಬೇಕು, ಸಾರ್!

ಊರು ಬಿಟ್ಟು ಚೆನ್ನೈಗೆ ಬಂದ ನಾವು ತಮಿಳು ಕಲಿತೆವು, ಸೆಕೆಗೂ ಒಗ್ಗಿದೆವು. ಡೀಸೆಲ್ ಜನರೇಟರಿನ ಸ್ವಭಾವ ತಿಳಿದದ್ದು ಮಾತ್ರ 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಅಪ್ಪಳಿಸಿದ ಮೇಲೆ.

ಕರೆಂಟಿಲ್ಲದ ಎರಡನೆಯ ರಾತ್ರಿ ನಮ್ಮ ವಠಾರದ ಜನರೇಟರು ಏದುಸಿರು ಬಿಟ್ಟು ನಿಂತೇಹೋಯಿತು. ಮೂರನೆಯ ಮಹಡಿಯ ಅಜ್ಜಿಯ ಆಮ್ಲಜನಕದ ಯಂತ್ರ ಅದನ್ನೇ ನಂಬಿತ್ತು. ಆಪತ್ತಿಗೆಂದು ಇಟ್ಟಿದ್ದ ಸಿಲಿಂಡರು ಎರಡು ಗಂಟೆಗಷ್ಟೇ ಸಾಲುತ್ತಿತ್ತು.

ಟ್ಯಾಂಕಿನಲ್ಲಿ ಡೀಸೆಲ್ ಧಾರಾಳವಾಗಿತ್ತು. ಕಸ, ನೀರು ತುಂಬಿ ಕಟ್ಟಿಕೊಂಡದ್ದು ಫಿಲ್ಟರು. ಟಾರ್ಚಿನ ಬೆಳಕಿನಲ್ಲಿ ನಾವು ನಾಲ್ವರು ಬ್ಯಾಟರಿ ತಂತಿ ಕಳಚಿ, ಡೀಸೆಲ್ ಕಾಕ್ ಮುಚ್ಚಿ, ಹಳೆಯದನ್ನು ಬಿಚ್ಚಿದೆವು. ಕಪಾಟಿನಲ್ಲಿದ್ದ ಒಂದೇ ಒಂದು ಹೊಸ ಫಿಲ್ಟರಿನ ರಬ್ಬರಿಗೆ ಡೀಸೆಲ್ ಸವರಿ ಕೈಯಿಂದಲೇ ಬಿಗಿದೆವು. ಕಾಕ್ ತೆರೆದು ತಂತಿ ಸೇರಿಸುವಷ್ಟರಲ್ಲಿ, ಹಿಂದೆ ಲಾರಿ ಓಡಿಸಿದ್ದ ಕಾವಲುಗಾರರು ತಡೆದರು: “ಮೊದಲು ಗಾಳಿ ತೆಗೆಯಬೇಕು, ಸಾರ್!”

ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡರೆ ಡೀಸೆಲ್ ಎಂಜಿನ್ನಿಗೆ ಆಹಾರ ತಲುಪದು. ಅವರು ತಿರುಪು ಸಡಿಲಿಸಿ ಕೈಪಂಪು ಒತ್ತುತ್ತ ಕುಳಿತರು. ಮೊದಲು ಬರೀ ನೊರೆ. ಗುಳ್ಳೆ ನಿಂತು ತಿಳಿಧಾರೆ ಬಂದಾಗ ತಿರುಪು ಬಿಗಿದರು. ಎಂಜಿನ್ ಕೆಮ್ಮಿತು, ಓಡಿತು. ಮಹಡಿಯ ಮೇಲೆ ದೀಪ ಕಂಡಿತು.

ಅಜ್ಜಿಯ ಸೊಸೆ ಇಳಿದು ಬಂದು ಕೇಳಿದ್ದು ಒಂದೇ ಮಾತು: “ಇನ್ನೊಂದು ಫಿಲ್ಟರ್ ಇದೆಯೇ?”

ಅಂದಿನಿಂದ ಮಳೆಗಾಲಕ್ಕೆ ಮೊದಲೇ ನಾವು ಎರಡು ತಂದಿಡುತ್ತೇವೆ.