ಅಪ್ಪನ ಬಸ್ಸು, ಚಿಕ್ಕಪ್ಪನ ಜೀಪು

ನಮ್ಮ ಮನೆಯಲ್ಲಿ ಇಬ್ಬರು ಡ್ರೈವರ್‌ಗಳು. ಅಪ್ಪ ಸಾರಿಗೆ ನಿಗಮದ ಬಸ್ಸು ಓಡಿಸಿದವನು, ಚಿಕ್ಕಪ್ಪ ಸರ್ಕಾರಿ ಇಲಾಖೆಯೊಂದರ ಜೀಪು ಓಡಿಸುವವನು. ಇಬ್ಬರೂ ಸ್ಟೇರಿಂಗ್ ಹಿಡಿಯೋಕೆ ಕಲಿತದ್ದು ಒಂದೇ ಲಾರಿಯಲ್ಲಿ. ಹಿರೇನಲ್ಲೂರಿನಿಂದ ತಿಪಟೂರು ಮಾರ್ಕೆಟ್ಟಿಗೆ ಕೊಬ್ಬರಿ ಸಾಗಿಸುತ್ತಿದ್ದ ಸಾಹುಕಾರರೊಬ್ಬರ ಲಾರಿ ಅದು. 1988ರಲ್ಲಿ ಅಪ್ಪನಿಗೆ ನಿಗಮದ ಆರ್ಡರ್ ಬಂತು, 1991ರಲ್ಲಿ ಚಿಕ್ಕಪ್ಪನಿಗೆ ಇಲಾಖೆಯ ಆರ್ಡರ್. ಎರಡು ಸಲವೂ ಅಜ್ಜಿ ಕೇರಿಗೆಲ್ಲ ಸಕ್ಕರೆ ಹಂಚಿ ಹೇಳಿದ್ದು ಒಂದೇ ಮಾತಂತೆ: "ನನ್ ಮಗನಿಗೆ ಗೌರ್ಮೆಂಟ್ ಕೆಲ್ಸ ಆತು."

ಊರಿಗೆ ಅದರಲ್ಲಿ ವ್ಯತ್ಯಾಸ ಗೊತ್ತಿರಲಿಲ್ಲ. ಹೆಣ್ಣು ಕೊಟ್ಟವರಿಗೂ ಗೊತ್ತಿರಲಿಲ್ಲ. ನಾನು ಹೈಸ್ಕೂಲಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅನ್ನೋ ಕಡೆ 'ಸರ್ಕಾರಿ ನೌಕರ' ಅಂತಲೇ ಬರೆದಿದ್ದೆ. ಅಪ್ಪನೇ ಸಹಿ ಹಾಕಿದ್ದ, ತಿದ್ದಲಿಲ್ಲ.

ತಿದ್ದಿದ್ದು ಚಿಕ್ಕಪ್ಪ, 2021ರ ಏಪ್ರಿಲ್‌ನಲ್ಲಿ, ಹೊಸದೊಡಕಿನ ದಿನ ಊಟಕ್ಕೆ ಕೂತಾಗ.

ಆ ಏಪ್ರಿಲ್ ನಿಮಗೂ ನೆನಪಿರಬಹುದು. ಕೊರೊನಾ ಎರಡನೇ ಅಲೆ ಏಳುತ್ತಿತ್ತು. ನಾನು ವರ್ಕ್ ಫ್ರಮ್ ಹೋಮ್ ಹೆಸರಲ್ಲಿ ಊರಿಗೆ ಬಂದು, ಸಿಗ್ನಲ್ ಸಿಗುವ ತಾರಸಿಯ ಒಂದು ಮೂಲೆ ಹಿಡಿದು ಕೂತಿದ್ದೆ. ಏಪ್ರಿಲ್ 7ರಿಂದ ರಾಜ್ಯದ ನಾಲ್ಕೂ ನಿಗಮಗಳ ಬಸ್ಸು ನಿಂತಿದ್ದವು. ಆರನೇ ವೇತನ ಆಯೋಗದ ಪ್ರಕಾರ ಸರ್ಕಾರಿ ನೌಕರರಿಗೆ ಕೊಡುವ ಸಂಬಳ ನಮಗೂ ಕೊಡಿ ಅನ್ನೋದು ಬೇಡಿಕೆ. ಸರ್ಕಾರ ಮಧ್ಯಂತರವಾಗಿ 8 ಪರ್ಸೆಂಟ್ ಕೊಡ್ತೀವಿ ಅಂದಿತ್ತು, ನೌಕರರು ಒಪ್ಪಿರಲಿಲ್ಲ. ಯುಗಾದಿ ಹೊತ್ತಿಗೆ ಕೈಗೆ ಸಂಬಳ ಬಾರದೆ, ಹೆಂಡತಿ ಮಕ್ಕಳೆಲ್ಲ ಬೀದಿಗೆ ಬಂದು ತಟ್ಟೆ ಲೋಟ ಬಡಿಯುತ್ತಿದ್ದರು. ಅವ್ವ ಮಾತ್ರ ಹೋಗಲಿಲ್ಲ. "ತಟ್ಟೆ ಬಡಿಯೋದು ಅಪಶಕುನ" ಅಂತ.

ಚಿಕ್ಕಪ್ಪ ಮುದ್ದೆ ಮುರಿಯುತ್ತಾ ಶುರು ಮಾಡಿದ. "ಎಂಟು ಪರ್ಸೆಂಟ್ ಕೊಡ್ತಾರಂತಲ್ಲಣ್ಣ, ತಗಂಡು ಡ್ಯೂಟಿಗೆ ಹೋಗಾದಲ್ವಾ?"

"ನಿಂಗೆ ಮೂವತ್ತು ಕೊಟ್ಟಾಗ ನಾನು ಕೇಳಿದ್ನೇನೋ?"

"ನಮ್ಗೆ ಕೊಡೋದು ಬೇರೆ. ನೀವು ನಿಗಮದೋರು ಕಣಣ್ಣ. ಸರ್ಕಾರದೋರು ಹೆಂಗಾಗ್ತೀರಾ?"

ಅಪ್ಪ ಏನೂ ಅನ್ನಲಿಲ್ಲ. ಎಲೆ ಮಡಚಿದ. ಹೊಸದೊಡಕಿನ ಎಲೆಯಲ್ಲಿ ಸಾರು ಬಿಟ್ಟು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಒಂದೂವರೆ ವರ್ಷ ಅಣ್ಣ ತಮ್ಮ ಮಾತಾಡಲಿಲ್ಲ. ಗದ್ದಲ ಏನಿಲ್ಲ, ಸುಮ್ಮನೆ ಮಾತಿಲ್ಲ. ಎರಡು ಮನೆಗೂ ಇರೋದು ಒಂದೇ ಗೋಡೆ.

ನಾನು ಆಗ ಚಿಕ್ಕಪ್ಪನ ಪರವೇ ಇದ್ದೆ, ಒಪ್ಪಿಕೊಳ್ಳಬೇಕು. ನಷ್ಟದಲ್ಲಿರೋ ಸಂಸ್ಥೆ ಸಂಬಳ ಜಾಸ್ತಿ ಹೆಂಗೆ ಕೊಡತ್ತೆ ಅನ್ನೋದು ನನ್ನ ವಾದ. ಎಂಜಿನಿಯರಿಂಗ್ ಓದಿದ ಮೇಲೆ ಎಲ್ಲದಕ್ಕೂ ಒಂದು ಎಕ್ಸೆಲ್ ಶೀಟ್ ಮಾಡೋ ಚಟ ಅಂಟಿಕೊಳ್ಳುತ್ತಲ್ಲ, ಇದಕ್ಕೂ ಮಾಡಿದೆ. ಅಪ್ಪ ಸೇರಿದಾಗಿನಿಂದ ಎಲ್ಲ ಪೇ ಸ್ಲಿಪ್ಪನ್ನೂ ಕಬ್ಬಿಣದ ಟ್ರಂಕಿನಲ್ಲಿಟ್ಟಿದ್ದ. ಚಿಕ್ಕಪ್ಪನ ಮಗಳು ಗುಟ್ಟಾಗಿ ಅವರಪ್ಪನದ್ದನ್ನು ಫೋಟೊ ತೆಗೆದು ವಾಟ್ಸ್ಯಾಪ್ ಮಾಡಿದಳು. ಅಪ್ಪನ ತಪ್ಪು ತೋರಿಸಬೇಕು ಅಂತ ಕೂತವನು ನಾನು.

ಶೀಟು ಹೇಳಿದ್ದು ಬೇರೆ. ತೊಂಬತ್ತರ ದಶಕದ ಮೊದಲಲ್ಲಿ ಇಬ್ಬರ ಸಂಬಳದಲ್ಲಿ ವ್ಯತ್ಯಾಸ ಹತ್ತಿಪ್ಪತ್ತು ರೂಪಾಯಿ, ಅದೂ ಅಪ್ಪನದ್ದೇ ಮೇಲೆ. ಓಟಿ, ಬಾಟಾ ಸೇರಿದರೆ ಇನ್ನೂ ಮೇಲೆ. ಚಿಕ್ಕಪ್ಪನ ಮದುವೆಗೆ ಅಪ್ಪನೇ ಸಾಲ ಎತ್ತಿದ್ದು ಸುಮ್ಮನೆ ಅಲ್ಲ. ಆಮೇಲೆ ಎರಡೂ ಗೆರೆಗಳು ನಿಧಾನ ಬೇರೆಯಾಗುತ್ತವೆ, ಹೆದ್ದಾರಿಯಿಂದ ಸರ್ವಿಸ್ ರಸ್ತೆ ಕವಲೊಡೆದ ಹಾಗೆ. ಮೊದಲು ಗೊತ್ತೇ ಆಗೋದಿಲ್ಲ. ಸರ್ಕಾರಿ ನೌಕರರಿಗೆ ವೇತನ ಆಯೋಗ ಅಂತ ಒಂದಿದೆ. ನಿಗಮದವರಿಗೆ ಅದಿಲ್ಲ, ನಾಲ್ಕು ವರ್ಷಕ್ಕೊಮ್ಮೆ ಯೂನಿಯನ್ನು, ಮಂತ್ರಿಗಳು ಕೂತು ಚೌಕಾಸಿ ಮಾಡಬೇಕು. 2016ರ ಜುಲೈನಲ್ಲಿ ಮೂರು ದಿನ ಬಸ್ಸು ನಿಲ್ಲಿಸಿದ ಮೇಲೆ ಸಾರಿಗೆಯವರಿಗೆ ಸಿಕ್ಕಿದ್ದು 12.5 ಪರ್ಸೆಂಟ್. ಎರಡು ವರ್ಷ ಕಳೆದು ಸರ್ಕಾರಿ ನೌಕರರಿಗೆ ಆರನೇ ವೇತನ ಆಯೋಗ ತಂದಿದ್ದು 30. ನನ್ನ ಶೀಟಿನಲ್ಲಿ ಗೆರೆಗಳ ನಡುವೆ ಒಂದು ಬಸ್ಸು ತೂರಿ ಹೋಗುವಷ್ಟು ಜಾಗ ಆದದ್ದು ಅಲ್ಲಿಂದ.

ಇನ್ನೊಂದು ವಿಷಯ ಓದಿ ನಗು ಬಂತು. ಈ ಸಾರಿಗೆ ಹುಟ್ಟುವಾಗ ನಿಗಮವೇ ಅಲ್ಲ! 1948ರ ಸೆಪ್ಟೆಂಬರ್‌ನಲ್ಲಿ 120 ಬಸ್ಸುಗಳೊಂದಿಗೆ ಶುರುವಾದದ್ದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ. ಇಲಾಖೆ! 1961ರ ಆಗಸ್ಟ್ 1ರಂದು ಅದನ್ನು ನಿಗಮ ಮಾಡಿದರು. ಅಂದರೆ ಹದಿಮೂರು ವರ್ಷ ಬಸ್ ಡ್ರೈವರ್ ಅಂದರೆ ಅಜ್ಜಿ ಹೇಳಿದ ಹಾಗೆ ಗೌರ್ಮೆಂಟ್ ಕೆಲಸವೇ. ಅಪ್ಪನಿಗೆ ಇದನ್ನು ಹೇಳಿದರೆ, "ಅದೆಲ್ಲ ಗೊತ್ತು, ಆಂಧ್ರದಲ್ಲಿ ವಾಪಸ್ ಇಲಾಖೆ ಮಾಡಲಿಲ್ವಾ?" ಅಂದ. ನಿಜ, 2020ರ ಜನವರಿ 1ರಿಂದ ಆಂಧ್ರದ ಸಾರಿಗೆ ನೌಕರರು ಸರ್ಕಾರಿ ನೌಕರರು. ನಮ್ಮಲ್ಲಿ ಆ ವರ್ಷದ ಡಿಸೆಂಬರ್‌ನಲ್ಲಿ ಬಸ್ಸು ನಿಂತಾಗ ಸರ್ಕಾರ ಹತ್ತರಲ್ಲಿ ಒಂಬತ್ತು ಬೇಡಿಕೆಗೆ ಹೂಂ ಅಂತು. ಉಳಿದ ಆ ಒಂದು ಇದೇ.

ಕಾನೂನು ಏನನ್ನತ್ತೆ ಅಂತಲೂ ನೋಡಿದೆ. 'ಸಮಾನ ಕೆಲಸಕ್ಕೆ ಸಮಾನ ವೇತನ' ಅಂತ ನಾವೆಲ್ಲ ಭಾಷಣದಲ್ಲಿ ಕೇಳ್ತೀವಲ್ಲ, ಅದಕ್ಕೆ ಸುಪ್ರೀಂ ಕೋರ್ಟಿನಲ್ಲಿ ಜೀವ ಬಂದಿದ್ದು ಒಬ್ಬ ಡ್ರೈವರ್‌ನಿಂದ. ದೆಹಲಿ ಪೊಲೀಸ್‌ನ ಡ್ರೈವರ್ ಕಾನ್ಸ್‌ಟೇಬಲ್ ರಣಧೀರ್ ಸಿಂಗ್. ಬೇರೆ ಇಲಾಖೆಗಳ ಡ್ರೈವರ್‌ಗಳಿಗೆ ನನಗಿಂತ ಜಾಸ್ತಿ ಸಂಬಳ ಯಾಕೆ ಅನ್ನೋದು ಅವನ ಪ್ರಶ್ನೆ. 1982ರಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರ ಪೀಠ, ಕೆಲಸ ಒಂದೇ ಆಗಿದ್ದಾಗ ಇಲಾಖೆ ಬೇರೆ ಅನ್ನೋ ಒಂದೇ ಕಾರಣಕ್ಕೆ ಸಂಬಳ ಬೇರೆ ಮಾಡೋ ಹಾಗಿಲ್ಲ ಅಂತು. ಓದಿ ರೋಮಾಂಚನ ಆಯ್ತು. ಆಮೇಲೆ ಅದರ ಗಡಿ ಕಾಣಿಸಿತು. ರಣಧೀರ್ ಸಿಂಗ್‌ಗೂ ಅವನು ಬೆರಳು ತೋರಿಸಿದ ಡ್ರೈವರ್‌ಗಳಿಗೂ ಯಜಮಾನ ಒಬ್ಬನೇ, ಸರ್ಕಾರ. ಅಪ್ಪನಿಗೆ ಯಜಮಾನ ನಿಗಮ. ಕಾಗದದ ಮೇಲೆ ಅದೊಂದು ಬೇರೆಯೇ ವ್ಯಕ್ತಿ. ಬಸ್ಸಿನ ದರ ಎಷ್ಟಿರಬೇಕು, ಯಾರಿಗೆ ಪಾಸು ಕೊಡಬೇಕು, ನಾಲ್ಕೇ ಜನ ಹತ್ತೋ ಹಳ್ಳಿಗೆ ನೈಟ್ ಹಾಲ್ಟ್ ಬಸ್ಸು ಬಿಡಬೇಕಾ ಅನ್ನೋದರಲ್ಲೆಲ್ಲ ಸರ್ಕಾರದ ಮಾತು ನಡೆಯುತ್ತೆ. ಸಂಬಳದ ದಿನ ಮಾತ್ರ ಆ ವ್ಯಕ್ತಿ ಬೇರೆ.

ಚಿಕ್ಕಪ್ಪನ ಕಡೆಯೂ ಇದೆ, ಬಿಡಬಾರದು. ಅವನ ಜೀಪಿಗೆ ಟೈಮ್ ಟೇಬಲ್ ಇಲ್ಲ. ಎಲೆಕ್ಷನ್ ಬಂದರೆ ವಾರಗಟ್ಟಲೆ ಮನೆ ಮುಖ ನೋಡಲ್ಲ. ಸಾಹೇಬರ ಮೀಟಿಂಗ್ ಮುಗಿಯೋ ತನಕ ಚಿಕ್ಕಮಗಳೂರಿನಲ್ಲಿ ಮರದ ಕೆಳಗೆ ಕಾಯಬೇಕು, ರಾತ್ರಿ ಹನ್ನೊಂದಕ್ಕೆ ವಾಪಸ್. ಓಟಿ ಅನ್ನೋ ಪದವೇ ಇಲ್ಲ. ಅವನ ಕಣ್ಣೂ ಮೇಲಕ್ಕೇ: "ಸೆಂಟ್ರಲ್ ಗೌರ್ಮೆಂಟ್ ಡ್ರೈವರ್‌ಗೆ ಎಷ್ಟು ಗೊತ್ತೇನೋ ನಿಂಗೆ?" ರಾಜ್ಯ ಸರ್ಕಾರಿ ನೌಕರರು ಕೇಂದ್ರದವರನ್ನು ನೋಡ್ತಾರೆ. ಪೊಲೀಸರು ಬೇರೆ ಇಲಾಖೆಗಳನ್ನು ನೋಡಿ 2016ರಲ್ಲಿ ಸಾಮೂಹಿಕ ರಜೆಗೆ ಹೊರಟಿದ್ದರು, ಔರಾದ್ಕರ್ ಸಮಿತಿ ವರದಿಯಿಂದ ಒಂದಿಷ್ಟು ಸಿಕ್ಕಿದ್ದು 2019ಕ್ಕೆ. ಸಾರಿಗೆಯವರು ಇವರೆಲ್ಲರನ್ನೂ ನೋಡ್ತಾರೆ. ಕೆಳಗೆ ನೋಡೋಕೆ ಯಾರಿಗೂ ಪುರುಸೊತ್ತಿಲ್ಲ. ಅಪ್ಪನ ಬಸ್ಸು ತೊಳೆಯೋ ಗುತ್ತಿಗೆ ಹುಡುಗನ ಸಂಬಳ ಎಷ್ಟು ಅಂತ ಕೇಳಿದ್ದಕ್ಕೆ ಅಪ್ಪನಿಗೂ ಗೊತ್ತಿರಲಿಲ್ಲ.

ಇಬ್ಬರೂ ಮತ್ತೆ ಮಾತಾಡಿದ್ದು ಸಂಬಳದ ರಾಜಿಯಿಂದಲ್ಲ, ಅಜ್ಜಿಯ ತಿಥಿ ಊಟದಿಂದ. ಆದರೆ ಗಾಯ ಕೆರೆಯೋಕೆ 2023ರ ಮಾರ್ಚ್ ಬಂತು. ತಿಂಗಳ ಒಂದನೇ ತಾರೀಖು ಸರ್ಕಾರಿ ನೌಕರರು ಮುಷ್ಕರ ಹೂಡಿದರು, ಅದೇ ದಿನ 17 ಪರ್ಸೆಂಟ್ ಮಧ್ಯಂತರ ಪರಿಹಾರದ ಆದೇಶ ಆಯ್ತು. ಎರಡು ವಾರಕ್ಕೆ ವಿದ್ಯುತ್ ಕಂಪನಿಗಳ ನೌಕರರಿಗೆ 20. ಸಾರಿಗೆಯವರಿಗೆ 15. ಎಲೆಕ್ಷನ್ ಹತ್ತಿರ ಇತ್ತು, ಎಲ್ಲರಿಗೂ ಏನೋ ಒಂದು ಸಿಕ್ಕಿತು. ನಮ್ಮ ಬೀದಿಯಲ್ಲೇ ಒಬ್ಬ ಲೈನ್‌ಮನ್ ಇದ್ದಾನೆ. ಹಾಗಾಗಿ ನಮ್ಮ ಬೀದಿಯ ಮೂರು ಮನೆಗೆ ಒಂದೇ ತಿಂಗಳಲ್ಲಿ 17, 20, 15. ಕ್ಲಾಸಿನಲ್ಲಿ ಮಾರ್ಕ್ಸ್ ಕಾರ್ಡ್ ಕೊಟ್ಟ ಹಾಗೆ. 2020ರ ಜನವರಿಯಿಂದಲೇ ಬರಬೇಕಿದ್ದ ಹೆಚ್ಚಳ ಮಾರ್ಚ್‌ನಿಂದ ಬಂತು. ನಡುವಿನ 38 ತಿಂಗಳ ಬಾಕಿ ಕೇಳಿ 2025ರ ಆಗಸ್ಟ್ 5ರಂದು ಮತ್ತೆ ಬಸ್ಸು ನಿಂತು, ಹೈಕೋರ್ಟ್ ಹೇಳಿದ ಮೇಲೆ ಹೊರಟದ್ದು ನಿಮಗೆ ಗೊತ್ತು.

ಅಪ್ಪ ಹೊಸ ಸಂಬಳ ತಗೊಂಡಿದ್ದು ಮೂರೇ ತಿಂಗಳು. ಮೇ 31ಕ್ಕೆ ರಿಟೈರ್ ಆದ. ಹನ್ನೊಂದು ದಿನಕ್ಕೆ ಶಕ್ತಿ ಯೋಜನೆ ಶುರುವಾಗಿ ಅವ್ವನಿಗೆ ಬಸ್ಸು ಫ್ರೀ ಆಯ್ತು. "ನಾನಿದ್ದಾಗ ಟಿಕೆಟ್ ತಗಂಡ್ಲು, ನಾನು ಇಳಿದ ಮೇಲೆ ಫ್ರೀ" ಅಂತ ನಗ್ತಾನೆ. ಅವನ ಪೆನ್ಷನ್ನು ಪಿಎಫ್ ಆಫೀಸಿನದು, 1995ರ ಸ್ಕೀಮು. ಮೂವತ್ತೈದು ವರ್ಷ ಬಸ್ಸು ಓಡಿಸಿದ್ದಕ್ಕೆ ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ. ನನ್ನ ಬೆಂಗಳೂರಿನ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಅದಕ್ಕಿಂತ ಜಾಸ್ತಿ. ಇದನ್ನು ನಾನು ಮನೆಯಲ್ಲಿ ಹೇಳಿಲ್ಲ.

ನಷ್ಟದ ಸಂಸ್ಥೆ ಅಂತ ಲೆಕ್ಚರ್ ಕೊಟ್ಟವನು ನಾನು ಅಂದೆನಲ್ಲ. 2021ರ ಕೊನೆಗೆ ನನಗೂ ಬಿತ್ತು. ನಮ್ಮ ಟೀಮಿಗೆ ಬಂದ ಹೊಸ ಹುಡುಗನಿಗೆ ನಾನೇ ಕೆಲಸ ಕಲಿಸುತ್ತಿದ್ದೆ. ನನಗಿಂತ ಮೂರು ವರ್ಷ ಅನುಭವ ಕಮ್ಮಿ. ಒಂದಿನ ಸ್ಕ್ರೀನ್ ಶೇರ್ ಮಾಡುವಾಗ ಅವನ ಆಫರ್ ಲೆಟರ್ ತೆರೆದೇ ಇತ್ತು. ನನ್ನದರ ಒಂದೂವರೆ ಪಟ್ಟಿಗೆ ಹತ್ತಿರ. ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಸಂಬಳ ಒಂದು ರೂಪಾಯಿಯೂ ಕಮ್ಮಿ ಆಗಿರಲಿಲ್ಲ, ಆದರೂ ಯಾರೋ ಜೇಬಿನಿಂದ ಎಗರಿಸಿದ ಹಾಗೆ. ಮ್ಯಾನೇಜರ್ ಹತ್ತಿರ ಹೋದರೆ, "ಸಂಬಳ ಕಾನ್ಫಿಡೆನ್ಷಿಯಲ್ ಅಲ್ವಾ, ನಿಮಗೆ ಹೇಗೆ ಗೊತ್ತಾಯ್ತು?" ಅಂತ ನನ್ನನ್ನೇ ವಿಚಾರಿಸಿದರು. ಎರಡು ತಿಂಗಳಲ್ಲಿ ರಾಜೀನಾಮೆ ಬಿಸಾಕಿ ಬೇರೆ ಕಂಪನಿ ಸೇರಿದೆ. ಈಗ ಅಲ್ಲಿ ಯಾರಿಗೋ ನಾನೇ ಆ ಹೊಸ ಹುಡುಗ ಇರಬೇಕು.

ಅಪ್ಪ ಯಾವ ಕಂಪನಿಗೆ ಸ್ವಿಚ್ ಆಗಬೇಕಿತ್ತು? ಐವತ್ತೆಂಟು ವರ್ಷಕ್ಕೆ ಅವನಿಗಿದ್ದ ನೋಟಿಸ್ ಪೀರಿಯಡ್ಡು ಡಿಪೋದಲ್ಲಿ ಬಸ್ಸು ನಿಲ್ಲಿಸಿ ಹೊರಗೆ ಕೂರೋದು ಒಂದೇ.

ಈ ದೀಪಾವಳಿಗೆ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಮುಂದಿನ ಜುಲೈಗೆ ರಿಟೈರ್ ಆಗ್ತಾನೆ. ಏಳನೇ ವೇತನ ಆಯೋಗ 2024ರ ಆಗಸ್ಟ್‌ನಿಂದ ಬಂದ ಮೇಲೆ ಅವನ ಮೂಲ ವೇತನ ಚೆನ್ನಾಗಿಯೇ ಏರಿದೆ. ನನ್ನನ್ನು ಹಿತ್ತಲಿಗೆ ಕರೆದು, ಪೆನ್ಷನ್ ಎಷ್ಟು ಬರಬಹುದು ಲೆಕ್ಕ ಹಾಕು ಅಂದ. ಮೊಬೈಲ್‌ನಲ್ಲೇ ಹಾಕಿದೆ. ಮೂಲ ವೇತನದ ಅರ್ಧ, ಹತ್ತಿರ ಹತ್ತಿರ ಮೂವತ್ತೆರಡು ಸಾವಿರ, ಮೇಲೆ ತುಟ್ಟಿಭತ್ಯೆ. ಚಿಕ್ಕಪ್ಪ ಎರಡು ಸಲ ಓದಿಸಿಕೊಂಡ. ಆಮೇಲೆ ದನಿ ಇಳಿಸಿ, "ಅಣ್ಣಂಗೆ ಹೇಳಬ್ಯಾಡ" ಅಂದ.

ಜಗಲಿಗೆ ಬಂದರೆ ಅಪ್ಪ ತೆಂಗಿನಕಾಯಿ ಸುಲೀತಾ ಕೂತಿದ್ದ. ತಲೆ ಎತ್ತದೆ ಕೇಳಿದ, "ಎಷ್ಟಂತೆ?"

"ಇಪ್ಪತ್ತೆರಡು."

"ಸುಳ್ಳು ಹೇಳಬ್ಯಾಡ. ಮೂವತ್ತರ ಮ್ಯಾಲೆ ಬರುತ್ತೆ. ಹೋದ ತಿಂಗಳೇ ನಾನು ಲೆಕ್ಕ ಹಾಕಿ ಅವನಿಗೆ ಹೇಳಿದೀನಿ. ನನ್ ಮ್ಯಾಲೆ ನಂಬ್ಕೆ ಇಲ್ದೆ ನಿನ್ ಹತ್ರ ಬಂದಾನೆ."

ನಾನು ನಕ್ಕೆ. ಅವನು ನಗಲಿಲ್ಲ. ಇನ್ನೊಂದು ಕಾಯಿ ಎತ್ತಿಕೊಂಡು, "ನಿಂದೆಷ್ಟೋ?" ಅಂದ.

ಕೆಲಸಕ್ಕೆ ಸೇರಿ ಹದಿನೈದು ವರ್ಷದಲ್ಲಿ ಅಪ್ಪ ಇದನ್ನು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಯಾವಾಗಲೂ 'ಚೆನ್ನಾಗಿದೆ' ಅಂತ ಅಷ್ಟೇ. ಹೇಳಿದೆ, ಪೂರ್ತಿ. ಕತ್ತಿ ಒಂದು ಕ್ಷಣ ಕಾಯಿಯ ಮೇಲೇ ನಿಂತಿತು. ಆ ಮೌನದಲ್ಲಿ ಅವನು ಏನು ಏನಕ್ಕೆ ಭಾಗಿಸುತ್ತಿದ್ದ ಅಂತ ನನಗೆ ಗೊತ್ತಾಗಬಾರದಿತ್ತು, ಆದರೆ ಗೊತ್ತಾಯ್ತು.

"ಪಿಎಫ್ ಕಟ್ ಮಾಡ್ತಾರಾ?"

"ಮಾಡ್ತಾರೆ."

"ಪಾಸ್‌ಬುಕ್ ತೋರ್ಸು."

ಮೊಬೈಲ್ ಕೊಟ್ಟೆ. ಕನ್ನಡಕ ಏರಿಸಿಕೊಂಡು ಒಂದೊಂದೇ ಕಾಲಂ ನೋಡಿದ. ನನ್ನ ಪಾಲು, ಕಂಪನಿ ಪಾಲು ಬಿಟ್ಟು ಕೊನೆಯದಕ್ಕೆ ಬಂದ. ಪೆನ್ಷನ್ ಕಾಲಂ. ನಾನು ಸೇರಿದಾಗ ತಿಂಗಳಿಗೆ 541. 2014ರ ಸೆಪ್ಟೆಂಬರ್‌ನಿಂದ 1,250. ಆಮೇಲೆ ಪ್ರತಿ ತಿಂಗಳೂ 1,250, ಸಾಲಿಗೆ ಸಾಲು. ಆ ಸ್ಕೀಮಿಗೆ ಹದಿನೈದು ಸಾವಿರದ ಮೇಲಿನ ಸಂಬಳ ಕಾಣೋದೇ ಇಲ್ಲ, ನೀವು ಬಸ್ಸು ಓಡಿಸಿ, ಕೋಡ್ ಬರೀರಿ.

ಅಪ್ಪ ಬೆರಳಿನಿಂದ ಪರದೆ ಸರಿಸುತ್ತಾ ಹೋದ, ಎಲ್ಲಾದರೂ ಬದಲಾಗುತ್ತಾ ಅಂತ. ಆಮೇಲೆ ಗೋಡೆ ಕಡೆ ತಿರುಗಿ ಜೋರಾಗಿ ಕೂಗಿದ.

"ಏಯ್, ಬಾರೋ ಇಲ್ಲಿ. ಇವಂದೂ ನಂದೇ ಪೆನ್ಷನ್ನು ಕಣೋ!"