ಕೊರತೆ ಯಾರ ಲೆಕ್ಕಕ್ಕೆ?

2010ರ ನವೆಂಬರಿನಲ್ಲಿ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಹುಡುಗಿಯರು 4×400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದಾಗ ಗಡಿನಾಡಿನವರಾದ ನಮಗೆ ಇಮ್ಮಡಿ ಸಂತೋಷ. ಆ ನಾಲ್ವರಲ್ಲಿ ಒಬ್ಬರು ಕುಂದಾಪುರ ಸೀಮೆಯ ಅಶ್ವಿನಿ ಅಕ್ಕುಂಜಿ, ಇನ್ನೊಬ್ಬರು ಕೇರಳದ ಸಿನಿ ಜೋಸ್. ಕನ್ನಡ, ಮಲಯಾಳ ಎರಡೂ ಪತ್ರಿಕೆಗಳನ್ನು ಓದುವ ನಮಗೆ ಇಬ್ಬರೂ ನಮ್ಮವರೇ. ಅಶ್ವಿನಿ ಅದೇ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಓಟದ ಚಿನ್ನವನ್ನೂ ಗೆದ್ದಿದ್ದರು.

ಮುಂದಿನ ವರ್ಷದ ಮಳೆಗಾಲದಲ್ಲಿ ಬಂದ ಸುದ್ದಿ ಬೇರೆಯೇ ಆಗಿತ್ತು. ಆ ನಾಲ್ವರಲ್ಲಿ ಮೂವರೂ ಸೇರಿದಂತೆ ಆರು ಮಂದಿ ಓಟಗಾರ್ತಿಯರ ಪರೀಕ್ಷೆಯಲ್ಲಿ ನಿಷೇಧಿತ ಅನಬಾಲಿಕ್ ಸ್ಟೀರಾಯ್ಡ್ ಪತ್ತೆಯಾಗಿತ್ತು. ಕೋಚ್ ಕೊಟ್ಟ ಜಿನ್ಸೆಂಗ್ ಗುಳಿಗೆಯಲ್ಲಿ ಅದು ತಮಗರಿವಿಲ್ಲದೆ ಸೇರಿತ್ತೆಂಬುದು ಅವರ ವಾದ. ಉಕ್ರೇನಿನ ಕೋಚ್ ಯೂರಿ ಒಗೊರೊಡ್ನಿಕ್ ಅವರನ್ನು ಸರಕಾರ ಕೆಲಸದಿಂದ ತೆಗೆಯಿತು. ನಮ್ಮ ದೇಶದ ಶಿಸ್ತು ಸಮಿತಿ ಹುಡುಗಿಯರಿಗೆ ವಿಧಿಸಿದ್ದು ಒಂದು ವರ್ಷದ ನಿಷೇಧ. 2012ರ ಜುಲೈಯಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಹಿಂದಿನ ಪದಕಗಳೇನೋ ಉಳಿದವು. ಆದರೆ ಜನರ ನಾಲಿಗೆಯಲ್ಲಿ ಅವುಗಳ ಬಣ್ಣ ಮಾಸಿತು.

ಕ್ರೀಡೆಯ ನಿಯಮ ಸರಳ. ದೇಹದೊಳಗೆ ಏನು ಸಿಕ್ಕಿತೋ ಅದಕ್ಕೆ ಆ ದೇಹದ ಒಡೆಯನೇ ಹೊಣೆ. ಯಾರು ಕೊಟ್ಟರೆಂಬುದು ಆಮೇಲಿನ ಮಾತು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಬದುಕುವ ನನಗೆ ಈ ನ್ಯಾಯ ಹೊಸತಲ್ಲ. ಸಂಜೆ ನಗದು ಎಣಿಸುವಾಗ ಐನೂರು ರೂಪಾಯಿ ಕಡಿಮೆ ಬಂದರೆ ಕ್ಯಾಷಿಯರ್ ತನ್ನ ಕಿಸೆಯಿಂದ ತುಂಬಬೇಕು. ಐನೂರು ಹೆಚ್ಚು ಬಂದರೆ ಅದು ಬ್ಯಾಂಕಿನ ಲೆಕ್ಕಕ್ಕೆ ಜಮೆ. ಓಟದ ಮೈದಾನದಲ್ಲೂ ಇದೇ ಪದ್ಧತಿ. ಪದಕ ಬಂದರೆ ದೇಶದ್ದು, ಕಳಂಕ ಬಂದರೆ ಓಡಿದವಳದು.

ಈ ನಿಯಮವನ್ನು ನಾನು ಹಳಿಯಲಾರೆ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಒಪ್ಪಿಕೊಂಡರೆ ಯಾವ ಕೌಂಟರೂ ಉಳಿಯದು, ಯಾವ ಓಟವೂ ಉಳಿಯದು. ಮದ್ದು ತಿನ್ನದೆ ಓಡಿ ನಾಲ್ಕನೆಯವಳಾದ ಹುಡುಗಿಗೂ ನ್ಯಾಯ ಸಿಗಬೇಕಲ್ಲ! ಆದರೆ ಬ್ಯಾಂಕಿನಲ್ಲಿ ತಿಜೋರಿಗೆ ಎರಡು ಬೀಗದ ಕೈ ಇದೆ. ದೊಡ್ಡ ಮೊತ್ತದ ವೋಚರಿಗೆ ಇನ್ನೊಬ್ಬರ ರುಜು ಬೇಕು. ತಪ್ಪಾದರೆ ರುಜು ಹಾಕಿದ ಅಧಿಕಾರಿಯನ್ನೂ ಕೇಳುತ್ತಾರೆ. ತರಬೇತಿ ಶಿಬಿರದ ಹುಡುಗಿ ಏನನ್ನು ಉಣ್ಣಬೇಕು, ಯಾವಾಗ ಮಲಗಬೇಕು, ಯಾವ ಗುಳಿಗೆ ನುಂಗಬೇಕು ಎಂದು ಹೇಳುವವರು ಹಲವರು. ರುಜು ಮಾತ್ರ ಅವಳೊಬ್ಬಳದೇ.

ಮೇಲಿನವರನ್ನು ಕೇಳಲು ಸಾಧ್ಯವೇ ಇಲ್ಲವೆಂದಲ್ಲ. ಹಿಂದಿನ ಪೂರ್ವ ಜರ್ಮನಿಯಲ್ಲಿ ಸರಕಾರವೇ ಯೋಜನೆ ಹಾಕಿ, ವಿಟಮಿನ್ ಎಂದು ನಂಬಿಸಿ, ಹದಿಹರೆಯದ ಹುಡುಗಿಯರಿಗೆ ಹಾರ್ಮೋನಿನ ನೀಲಿ ಗುಳಿಗೆ ತಿನ್ನಿಸಿತ್ತು. ಹಲವರ ದೇಹವೇ ಕೆಟ್ಟುಹೋಯಿತು. ಅಲ್ಲಿನ ಕ್ರೀಡಾ ಇಲಾಖೆಯ ದೊರೆ ಮಾನ್ಫ್ರೆಡ್ ಎವಾಲ್ಡ್ ತಪ್ಪಿತಸ್ಥನೆಂದು ಬರ್ಲಿನ್ ನ್ಯಾಯಾಲಯ ತೀರ್ಪಿತ್ತದ್ದು 2000ದಲ್ಲಿ. ಶಿಕ್ಷೆ 22 ತಿಂಗಳು, ಅದೂ ಅಮಾನತಿನಲ್ಲಿ. ಜೈಲಿನ ಮುಖ ನೋಡಬೇಕಾಗಿ ಬರಲಿಲ್ಲ. 2015ರಿಂದ ಜಾಗತಿಕ ಸಂಹಿತೆಯಲ್ಲಿ, ನಿಷೇಧಕ್ಕೊಳಗಾದ ಕೋಚ್ ಅಥವಾ ವೈದ್ಯರ ಜೊತೆ ಆಟಗಾರರು ಕೆಲಸ ಮಾಡಕೂಡದೆಂಬ ನಿಯಮ ಬಂದಿದೆ. ನಮ್ಮಲ್ಲೂ 2022ರಲ್ಲಿ ಉದ್ದೀಪನ ಮದ್ದು ತಡೆಗೆ ಕಾನೂನಾಯಿತು. ಒಳ್ಳೆಯದೇ. ಆದರೆ ಹೊಸ ನಿಯಮವೂ ಮೊದಲು ಹೊರಳುವುದು ಆಟಗಾರನ ಕಡೆಗೇ: ಅಂಥವರ ಬಳಿ ಹೋಗಬೇಡ ಎಂದು.

ಇದೆಲ್ಲ ದೂರದ ಊರಿನ ಮಾತೆಂದುಕೊಳ್ಳುವ ಹಾಗಿಲ್ಲ. ನನ್ನ ಮಗಳೂ ಶಾಲೆಯ ಓಟಗಾರ್ತಿ. ನಮ್ಮಲ್ಲಿ ಓಟವೆಂದರೆ ಬರೀ ಓಟವಲ್ಲ. ಪರೀಕ್ಷೆಗೆ ಗ್ರೇಸ್ ಮಾರ್ಕು, ಮುಂದೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕ್ರೀಡಾ ಕೋಟಾದ ಕೆಲಸ. ಆಸೆ ಅಲ್ಲಿಂದಲೇ ಶುರು. ಓಡುವ ಮಕ್ಕಳಿಗೆ ಅಭ್ಯಾಸ ಹೇಳಿಕೊಡುವವರೊಬ್ಬರು ಒಂದು ಡಬ್ಬ ಪುಡಿ ಕೊಟ್ಟು, ‘ಎಲ್ಲರೂ ತಿನ್ನುತ್ತಾರೆ’ ಎಂದರಂತೆ. ಡಬ್ಬವನ್ನು ತಿರುಗಿಸಿ ನೋಡಿದೆ. ತಯಾರಿಸಿದವರ ವಿಳಾಸವಿರಲಿಲ್ಲ, ಒಳಗೇನಿದೆಯೆಂಬ ಪಟ್ಟಿ ಇರಲಿಲ್ಲ. ಬಿಲ್ಲು ಕೇಳಿಸಿದೆ, ಅದೂ ಇಲ್ಲ. ಪುಡಿ ಕೆಟ್ಟದ್ದೇ ಎಂದು ನಾನು ಹೇಳಲಾರೆ. ವೋಚರಿಲ್ಲದ ಹಣವನ್ನು ಮುಟ್ಟದ ಅಭ್ಯಾಸ ನನ್ನದು, ಹಿಂದಕ್ಕೆ ಕಳಿಸಿದೆ.

ಉಪಜಿಲ್ಲಾ ಕೂಟದಲ್ಲಿ ಅವಳು ನಾಲ್ಕನೆಯವಳಾದಳು. ಮುಂದಿನ ಹಂತಕ್ಕೆ ಹೋಗಲಿಲ್ಲ. ಬಸ್ಸಿನಲ್ಲಿ ಬರುವಾಗ, “ಅಪ್ಪಾ, ಮುಂದಿದ್ದ ಮೂವರೂ ಆ ಪುಡಿ ತಿಂದಿರಬಹುದಾ?” ಎಂದು ಕೇಳಿದಳು. “ಹಾಗೆ ಹೇಳಬಾರದು, ಅವರೂ ನಿನ್ನಂತೆಯೇ ಓಡಿದವರು” ಎಂದೆ. ಅವಳು ಒಪ್ಪಿದಳು, ಸುಮ್ಮನಾದಳು. ಆದರೆ ಹದಿಮೂರರ ಹುಡುಗಿಯ ಬಾಯಲ್ಲಿ ಅಂಥದೊಂದು ಪ್ರಶ್ನೆ ಹುಟ್ಟಿತಲ್ಲ, ಆ ಕೊರತೆಯನ್ನು ಯಾರ ಲೆಕ್ಕಕ್ಕೆ ಬರೆಯೋಣ?