ಅನ್ನಪಾನನಿರೋಧ: ಒಬ್ಬ ಅಜ್ಜನ ಆಲೋಚನೆ

ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ತಿಳಿಸಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಹೊರಲಾರದ ಭಾರವನ್ನು ಹೇರುವುದು, ಕಡೆಯದಾಗಿ ಅನ್ನಪಾನಗಳನ್ನು ತಡೆಯುವುದು. ಈ ಐದನೆಯದೇ ಅನ್ನಪಾನನಿರೋಧ. ಹಲವು ವರ್ಷಗಳಿಂದ ದಶಲಕ್ಷಣ ಪರ್ವದಲ್ಲಿ ನಮ್ಮ ಬಸದಿಯಲ್ಲಿ ಈ ಅಧ್ಯಾಯವನ್ನು ಓದಿ ಅರ್ಥ ಹೇಳುವ ಭಾಗ್ಯ ನನ್ನದಾಗಿದೆ. ಗಾಡಿಗೆ ಕಟ್ಟಿದ ಎತ್ತು, ಕೊಟ್ಟಿಗೆಯ ಆಕಳು, ಅಂಗಡಿಯ ಆಳು, ಇವರನ್ನು ಹಸಿವೆಯಲ್ಲಿ ಇಡಬಾರದೆಂದು ದೃಷ್ಟಾಂತ ಕೊಡುತ್ತ ಬಂದೆ. ಆ ಅತಿಚಾರವು ನನ್ನ ಮನೆಯ ಅಡಿಗೆಮನೆಯಲ್ಲಿಯೇ, ಪ್ರೀತಿಯ ಹೆಸರಿನಲ್ಲಿ, ನನ್ನ ಬಾಯಿಂದಲೇ ಘಟಿಸೀತೆಂದು ಎಂದೂ ಎಣಿಸಿರಲಿಲ್ಲ. ಆ ಸಂಗತಿಯನ್ನು ಧರ್ಮಬಂಧುಗಳ ಮುಂದೆ ಮುಚ್ಚುಮರೆಯಿಲ್ಲದೆ ಇಡುವುದು ಉಚಿತವೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಹಿಂದೆ ಚೈತ್ರಮಾಸದಲ್ಲಿ ನನ್ನ ಸೊಸೆಗೆ ಗಂಡುಮಗು ಹುಟ್ಟಿತು. ಚೊಚ್ಚಲ ಹೆರಿಗೆಯಾದ್ದರಿಂದ ಬಾಣಂತನ ತವರುಮನೆಯಾದ ಬಾದಾಮಿಯಲ್ಲಿ ನಡೆಯಿತು. ಮಗುವಿಗೆ ಆರು ವಾರ ತುಂಬುವ ಹೊತ್ತಿಗೆ ಅದರ ಮಲದಲ್ಲಿ ಲೋಳೆಯೊಂದಿಗೆ ರಕ್ತದ ಎಳೆಗಳು ಕಾಣಿಸಿದವು. ಮಗು ಹಾಲು ಕುಡಿಯುತ್ತಿತ್ತು, ನಗುತ್ತಿತ್ತು, ತೂಕವೂ ಏರುತ್ತಿತ್ತು. ಆದರೂ ರಕ್ತವನ್ನು ಕಂಡ ಮನೆಯಲ್ಲಿ ನೆಮ್ಮದಿ ಎಲ್ಲಿಯದು? ಬಾಗಲಕೋಟೆಯ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ದರು.

ವೈದ್ಯರು ಮಗುವನ್ನು ಪರೀಕ್ಷಿಸಿ ಬೇರೆ ಕಾರಣಗಳನ್ನು ತಳ್ಳಿಹಾಕಿದ ಮೇಲೆ ವಿವರಿಸಿದರು. ತಾಯಿ ಸೇವಿಸಿದ ಹಸುವಿನ ಹಾಲಿನ ಪ್ರೋಟೀನಿನ ಅತ್ಯಲ್ಪ ಅಂಶ ಎದೆಹಾಲಿನಲ್ಲಿ ಇಳಿಯುತ್ತದೆ. ಕೆಲವು ಶಿಶುಗಳ ಕರುಳು ಅದನ್ನು ಸಹಿಸದೆ ಕೆರಳುತ್ತದೆ. ಇದು ಎದೆಹಾಲಿನ ದೋಷವಲ್ಲ. ಎದೆಹಾಲನ್ನು ಬಿಡಿಸಬೇಕಾಗಿಯೂ ಇಲ್ಲ. ತಾಯಿಯೇ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ, ಖೋವಾ ಮತ್ತು ಹಾಲಿನ ಪುಡಿ ಬೆರೆತ ಬಿಸ್ಕತ್ತುಗಳನ್ನು ಎರಡರಿಂದ ನಾಲ್ಕು ವಾರ ಬಿಟ್ಟು ನೋಡಬೇಕು. ಗುಣ ಕಂಡರೆ ಅಷ್ಟಕ್ಕೇ ನಿಲ್ಲಿಸದೆ, ವೈದ್ಯರ ಕಣ್ಣಳತೆಯಲ್ಲಿ ಮತ್ತೊಮ್ಮೆ ಹಾಲು ಸೇವಿಸಿ ಪರೀಕ್ಷಿಸಬೇಕು. ಆಗ ತೊಂದರೆ ಮರಳಿದರೆ ಮಾತ್ರ ಹಾಲೇ ಕಾರಣವೆಂದು ನಿಶ್ಚಯ.

ದೂರವಾಣಿಯಲ್ಲಿ ಇದನ್ನು ಕೇಳಿದ ನಾನು, “ಆಕಳ ಹಾಲು ಬ್ಯಾಡಾದರ ಎಮ್ಮೀ ಹಾಲು ಕುಡೀಲಿ” ಎಂದೆ. ಎಮ್ಮೆಯ ಮತ್ತು ಆಡಿನ ಹಾಲಿನ ಪ್ರೋಟೀನುಗಳು ಹಸುವಿನದಕ್ಕೆ ಬಹಳ ಹತ್ತಿರದವಾದ್ದರಿಂದ ಅವೂ ಸಲ್ಲವೆಂದು ಬೀಗರು ತಿಳಿಸಿದರು. ಹಾಲಿನ ಸಕ್ಕರೆ ಜೀರ್ಣವಾಗದಿರುವ ತೊಂದರೆಯೇ ಬೇರೆ, ಇದೇ ಬೇರೆ ಎಂಬುದನ್ನೂ ಆಗಲೇ ಅರಿತೆ. ಸೊಸೆ ಹಾಲನ್ನು ಬಿಟ್ಟಳು. ತುಪ್ಪದಲ್ಲಿ ಕಟ್ಟಿದ ಅಂಟಿನುಂಡೆಯ ಡಬ್ಬಿ ಹಾಗೆಯೇ ಉಳಿಯಿತು. ಮೂರನೆಯ ವಾರದ ಹೊತ್ತಿಗೆ ಮಗುವಿನ ಮಲ ಶುದ್ಧವಾಯಿತು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಷಾಢಕ್ಕೆ ಮುಂಚೆ ತಾಯಿಮಗು ಇಳಕಲ್ಲಿಗೆ ಬಂದರು. ಆಮೇಲಿನದು ನನ್ನ ಕಥೆ.

ವೈದ್ಯರು ಹೇಳಿದ್ದ ಮರುಪರೀಕ್ಷೆಯನ್ನು ನಾನೇ ತಡೆದೆ. ಗುಣವಾದ ಮಗುವಿಗೆ ಬೇಕೆಂದೇ ನೋವು ಕೊಡುವುದು ಹಿಂಸೆಯಲ್ಲವೇ ಎಂಬುದು ನನ್ನ ವಾದ. ಮುಂದೊಂದು ದಿನ ಮಗು ರಾತ್ರಿಯಿಡೀ ಅತ್ತಿತು, ಮಲ ಹಸಿರಾಯಿತು. ಹಿಂದಿನ ದಿನ ಏನು ಉಂಡಿದ್ದೆಯೆಂದು ವಿಚಾರಿಸಿ, ತೊಗರಿಬೇಳೆ ಬೇಡವೆಂದೆ. ಇನ್ನೊಂದು ವಾರಕ್ಕೆ ಶೇಂಗಾ ಬೇಡವೆಂದೆ. ಬಳಿಕ ಗೋಧಿ, ಆಮೇಲೆ ಕಡಲೆಬೇಳೆ. ಮಗು ಅತ್ತಾಗಲೆಲ್ಲ ತಾಯಿಯ ತಾಟಿನಿಂದ ಒಂದು ಪದಾರ್ಥ ಇಳಿಯಿತು. ಎಳೆಯ ಮಕ್ಕಳು ಅಳುವುದಕ್ಕೆ, ಮಲದ ಬಣ್ಣ ಬದಲಾಗುವುದಕ್ಕೆ ಬೇರೆ ನೂರು ಕಾರಣಗಳಿರುತ್ತವೆ. ಬಹುಪಾಲು ಅಳು ಯಾವ ಆಹಾರದ ದೋಷವೂ ಅಲ್ಲ. ಆ ವಿವೇಕ ನನಗಿರಲಿಲ್ಲ.

ನಮ್ಮ ಮನೆಯ ತಾಟು ಮೊದಲೇ ಎಷ್ಟು ಸಂಯಮದ್ದೆಂಬುದು ವಾಚಕರಿಗೆ ತಿಳಿದದ್ದೇ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ, ಗಜ್ಜರಿ, ಮೂಲಂಗಿಗಳಿಲ್ಲ. ಚಾತುರ್ಮಾಸ ಬಂದ ಮೇಲೆ ತಪ್ಪಲುಪಲ್ಲೆಗಳೂ ಇಲ್ಲ. ಸೂರ್ಯಾಸ್ತದ ಮೇಲೆ ಊಟವಿಲ್ಲ. ಇವು ಅವಳು ತನ್ನ ಇಚ್ಛೆಯಿಂದ ಪಾಲಿಸಿಕೊಂಡು ಬಂದ ನಿಯಮಗಳು. ಅವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಅದರ ಮೇಲೆ ವೈದ್ಯರು ಕಾರಣಸಹಿತ ತೆಗೆಸಿದ್ದು ಹಾಲೊಂದನ್ನು. ನಾನು ಕಾರಣವಿಲ್ಲದೆ ತೆಗೆಸಿದ್ದು ನಾಲ್ಕನ್ನು. ಉಳಿದದ್ದು ಜೋಳದ ರೊಟ್ಟಿ, ಅನ್ನ, ಹೆಸರುಬೇಳೆಯ ಸಾರು, ಹೀರೇಕಾಯಿ. ಸಂಜೆ ಉಂಡವಳು ರಾತ್ರಿ ಮೂರು ಸಲ ಎದ್ದು ಮೊಲೆಯೂಡಿಸಿ ಮರುದಿನ ಬೆಳಗಿನವರೆಗೆ ಅದರಲ್ಲಿಯೇ ಇರಬೇಕು. ನನ್ನ ಮಗ ನನ್ನ ಮಾತಿಗೆ ಎದುರಾಡುವವನಲ್ಲ. ಸೊಸೆಯಂತೂ “ಹೂಂ ರೀ ಮಾವಾರ” ಎಂದಷ್ಟೇ ಹೇಳಿ ತಾಟಿನ ಮುಂದೆ ಕೂಡುತ್ತಿದ್ದಳು. ಆ “ಹೂಂ”ಕಾರವನ್ನು ನಾನು ಸಮ್ಮತಿಯೆಂದು ಬಗೆದೆ.

ಭಾದ್ರಪದ ಬಂದಿತು. ದಶಲಕ್ಷಣದ ಏಳನೆಯ ದಿನ ಉತ್ತಮ ತಪ. ದಿನಕ್ಕೊಂದು ಅಧ್ಯಾಯದ ವಾಚನವಾಗುವುದರಿಂದ ಏಳನೆಯ ಅಧ್ಯಾಯವೂ ಅಂದೇ. ಬಾಹ್ಯ ತಪಸ್ಸುಗಳಲ್ಲಿ ಒಂದಾದ ರಸಪರಿತ್ಯಾಗವನ್ನು ವಿವರಿಸುತ್ತ, ಹಾಲು, ಮೊಸರು, ತುಪ್ಪಗಳನ್ನು ತ್ಯಜಿಸುವುದು ಮುನಿಗಳಿಗಷ್ಟೇ ಸಾಧ್ಯವೆಂದು ತಿಳಿಯಬೇಡಿ, ಮಗುವಿಗಾಗಿ ಅದನ್ನು ಮಾಡುತ್ತಿರುವ ತಾಯಿಯೊಬ್ಬಳು ನಮ್ಮಲ್ಲಿಯೇ ಇದ್ದಾಳೆ ಎಂದೆ. ಎಲ್ಲರೂ ಹೆಂಗಸರ ಕಡೆಗೆ ತಿರುಗಿ ನೋಡಿದರು. ಅವಳು ತಲೆ ತಗ್ಗಿಸಿದಳು. ಅದನ್ನು ನಾನು ವಿನಯವೆಂದೇ ತಿಳಿದೆ. ಮನೆಗೆ ಬಂದು ಹೊಸ್ತಿಲು ದಾಟುವಾಗ ಅವಳು ಕಣ್ಣುಕತ್ತಲೆ ಬಂದು ಕುಸಿದಳು. ಕಂಕುಳಲ್ಲಿದ್ದ ಮಗುವನ್ನು ನನ್ನ ಪತ್ನಿ ಹಿಡಿದುಕೊಂಡಳು.

ಮರುದಿನ ಹುನಗುಂದದ ಮೇಲಿಂದ ಬಾಗಲಕೋಟೆಗೆ ಹೋದೆವು. ವೈದ್ಯರು ಮೊದಲು ತಾಯಿಯನ್ನು ತೂಗಿದರು, ಬಳಿಕ ಮಗುವನ್ನು. ತಾಯಿಯ ತೂಕ ಏಳು ಕಿಲೋ ಇಳಿದಿತ್ತು. ಮಗುವಿನ ತೂಕ ಒಂದು ತಿಂಗಳಿನಿಂದ ನಿಂತಲ್ಲೇ ನಿಂತಿತ್ತು. “ಬ್ಯಾಳಿ, ಶೇಂಗಾ ಯಾರು ಬಿಡ್ಸಿದ್ರು?” ಎಂದು ಕೇಳಿದರು. ಸೊಸೆ ಮಾತಾಡಲಿಲ್ಲ. “ನಾನ ರೀ” ಎಂದೆ. ಅವರು ಸಿಟ್ಟಾಗಲಿಲ್ಲ. “ಸಾವ್ಕಾರ್ರ, ಲೆಕ್ಕ ತಾಳಿ ಆಗದಿದ್ರ ನೀವು ಎಲ್ಲಾ ಖಾತೇನೂ ಅಳಿಸಿ ಬಿಡ್ತೀರೇನು?” ಎಂದರು.

ನಾನು ಬಿ.ಕಾಂ. ಪದವೀಧರ, ನಲವತ್ತು ವರ್ಷ ಸೀರೆ ವ್ಯಾಪಾರದ ಖಿರ್ದಿ ಬರೆದವನು. ತಾಳೆಪಟ್ಟಿಯಲ್ಲಿ ವ್ಯತ್ಯಾಸ ಬಂದರೆ ಒಂದೊಂದೇ ನಮೂದನ್ನು ತೆಗೆದು ನೋಡುತ್ತೇವೆ. ದೋಷ ಅದರಲ್ಲಿಲ್ಲವೆಂದು ಕಂಡರೆ ಅದನ್ನು ಸ್ವಸ್ಥಾನದಲ್ಲಿ ಮರಳಿ ಇಡುತ್ತೇವೆ. ತೆಗೆದದ್ದನ್ನು ಮರಳಿ ಇಡದವನು ಲೆಕ್ಕಿಗನೇ ಅಲ್ಲ. ಅಂಗಡಿಯಲ್ಲಿ ಪಾಲಿಸಿದ ಈ ನ್ಯಾಯವನ್ನು ಸೊಸೆಯ ತಾಟಿಗೆ ನಾನು ಪಾಲಿಸಿರಲಿಲ್ಲ. ಆರೋಪ ಬಂದೊಡನೆ ಶಿಕ್ಷೆ, ವಿಚಾರಣೆಯೇ ಇಲ್ಲ. ಮರುಪರೀಕ್ಷೆಯನ್ನು ಹಿಂಸೆಯೆಂದು ತಡೆದವನು, ತಿಂಗಳುಗಟ್ಟಲೆ ಇಬ್ಬರನ್ನು ಅರೆಹೊಟ್ಟೆಯಲ್ಲಿ ಇಟ್ಟದ್ದು ಮಾತ್ರ ಹಿಂಸೆಯಾಗಿ ಕಾಣಲಿಲ್ಲ.

ಅಂದಿನಿಂದ ಸೊಸೆ ಒಂದು ನೋಟುಬುಕ್ಕು ಇಟ್ಟಳು. ಎಡಪುಟದಲ್ಲಿ ತಾನು ಉಂಡದ್ದು, ಬಲಪುಟದಲ್ಲಿ ಮಗುವಿನ ಸ್ಥಿತಿ. ತೊಗರಿಬೇಳೆ ಮರಳಿತು, ಮೂರು ದಿನ ಕಾದರೂ ಏನೂ ಆಗಲಿಲ್ಲ. ಶೇಂಗಾ ಬಂದಿತು, ಗೋಧಿ ಬಂದಿತು, ಕಡಲೆ ಬಂದಿತು. ಮಗು ನಗುತ್ತಲೇ ಇತ್ತು. ಎಲ್ಲಕ್ಕಿಂತ ಕಡೆಗೆ, ವೈದ್ಯರು ಹೇಳಿದ ದಿನ, ಒಂದು ಲೋಟ ಹಾಲು. ಎರಡನೆಯ ದಿನ ರಕ್ತದ ಎಳೆ ಕಾಣಿಸಿತು. ಹಾಲನ್ನು ನಿಲ್ಲಿಸಿದೆವು, ಕೆಲವು ದಿನಗಳಲ್ಲಿ ಮಲ ಶುದ್ಧವಾಯಿತು. ನಾಲ್ಕು ಪದಾರ್ಥಗಳು ನಿರ್ದೋಷಿಗಳೆಂದು ಬಿಡುಗಡೆಯಾದವು. ಮೈಮೇಲೆ ದದ್ದು ಏಳುವ, ಮುಖ ಊದುವ, ಉಸಿರು ಕಟ್ಟುವ ಅಥವಾ ಬಿಡದೆ ವಾಂತಿಯಾಗುವ ಶಿಶುಗಳ ವಿಷಯ ಬೇರೆ; ಅವರಲ್ಲಿ ಇಂಥ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದೆಂದು ವೈದ್ಯರು ಎಚ್ಚರಿಸಿದ್ದರು.

ಹಾಲನ್ನು ಬಿಟ್ಟ ತಾಯಿಗೆ ಅದರ ಬದಲು ಏನೆಂಬುದು ನಮ್ಮ ಸಮಾಜಕ್ಕೆ ಮುಖ್ಯವಾದ ಪ್ರಶ್ನೆ. ಹಾಲೂಡುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣದಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೇಲ್ಪಟ್ಟು ಸುಣ್ಣವಿದೆ; ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ನಮ್ಮ ಮನೆಯಲ್ಲಿ ರಾಗಿಯ ಅಂಬಲಿ ಆರಂಭವಾಯಿತು. ಎಳ್ಳು ಹಚ್ಚಿದ ಸಜ್ಜೆರೊಟ್ಟಿಯೂ ಎಳ್ಳಿನ ಚಟ್ನಿಪುಡಿಯೂ ನಿತ್ಯದವಾದವು. ಆದರೂ ಕೊರತೆ ಉಳಿಯುವುದರಿಂದ ಸುಣ್ಣದ ಮಾತ್ರೆ ಬೇಕಾಯಿತು. ಅದಕ್ಕಿಂತ ದೊಡ್ಡ ಸಂಗತಿ ವಿಟಮಿನ್ ಬಿ-12. ಮಾಂಸ, ಮೊಟ್ಟೆಗಳನ್ನು ಮುಟ್ಟದ ನಮಗೆ ಆಹಾರದಲ್ಲಿ ಅದು ದೊರೆಯುವುದು ಮುಖ್ಯವಾಗಿ ಹಾಲಿನಿಂದ. ತಾಯಿಯಲ್ಲಿ ಅದು ಬತ್ತಿದರೆ ಎದೆಹಾಲಿನಲ್ಲಿಯೂ ಬತ್ತುತ್ತದೆ. ಮಗುವಿನ ರಕ್ತಕ್ಕೂ ನರಗಳಿಗೂ ಹಾನಿಯಾಗುತ್ತದೆ. ಆದ್ದರಿಂದ ಹಾಲು ಬಿಟ್ಟ ಜೈನ ತಾಯಿಗೆ ಬಿ-12 ಮಾತ್ರೆ ಅನಿವಾರ್ಯ. ಔಷಧಕ್ಕೆ ಬೇಕಾದ ಬಿ-12 ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಾಗುತ್ತದೆ. ಜೆಲಾಟಿನ್ ಕವಚದ ಗುಳಿಗೆ ಬೇಡವೆನ್ನುವವರು ಬಿಲ್ಲೆಯ ರೂಪದ ಮಾತ್ರೆಯನ್ನು ಕೇಳಿ ಪಡೆಯಬಹುದು.

ಆರು ತಿಂಗಳು ತುಂಬಿದ ಮೇಲೆ ಮಗುವಿಗೆ ತುಪ್ಪವಿಲ್ಲದ ಮೆತ್ತನೆಯ ಅನ್ನಬೇಳೆ, ರಾಗಿಯ ಸರಿ ಕೊಟ್ಟೆವು. ವರ್ಷ ತುಂಬಿದಾಗ ವೈದ್ಯರ ಸಲಹೆಯಂತೆ, ಬೇಯಿಸಿದ ತಿನಿಸಿನಲ್ಲಿ ಬೆರೆತ ಹಾಲಿನಿಂದ ಮೊದಲುಮಾಡಿ ಮೆಲ್ಲಮೆಲ್ಲನೆ ಮೊಸರಿಗೆ ಬಂದೆವು. ಏನೂ ತೊಂದರೆಯಾಗಲಿಲ್ಲ. ಈ ಬಗೆಯ ಹೆಚ್ಚಿನ ಶಿಶುಗಳಿಗೆ ವರ್ಷದ ಆಸುಪಾಸಿನಲ್ಲಿ ಹಾಲು ಸಹ್ಯವಾಗುತ್ತದಂತೆ.

ಆ ಕಾರ್ತಿಕದಲ್ಲಿ ತಾಯಿಮಗುವನ್ನು ಬಾದಾಮಿಗೆ ಕರೆದೊಯ್ಯುವಾಗ ಐಹೊಳೆಯಲ್ಲಿ ಇಳಿದೆವು. ಕ್ರಿ.ಶ. 634ರಲ್ಲಿ ರವಿಕೀರ್ತಿ ಕಟ್ಟಿಸಿದ ಮೇಗುತಿ ಜಿನಾಲಯಕ್ಕೆ ಸೇರಿದ ಅಂಬಿಕೆಯ ಮೂರ್ತಿ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿದೆ. ನೇಮಿನಾಥ ತೀರ್ಥಂಕರರ ಯಕ್ಷಿಯಾದ ಈಕೆಯ ಪೂರ್ವಕಥೆ ನಮ್ಮ ಹೆಂಗಸರಿಗೆಲ್ಲ ಗೊತ್ತು. ಶ್ರಾದ್ಧದ ಅಡಿಗೆಯನ್ನು ಮುನಿಗಳಿಗೆ ಆಹಾರದಾನ ಮಾಡಿದ್ದಕ್ಕೆ ಮನೆಯವರ ಕೋಪಕ್ಕೆ ಗುರಿಯಾಗಿ, ಎರಡು ಎಳೆಯ ಮಕ್ಕಳೊಂದಿಗೆ ಮನೆ ಬಿಡಬೇಕಾದ ತಾಯಿ ಆಕೆ. ಆ ಕಥೆಯಲ್ಲಿ ನಾನು ಯಾವಾಗಲೂ ದಾನದ ಮಹಿಮೆಯನ್ನಷ್ಟೇ ಕಂಡಿದ್ದೆ. ಅಂದು ಮಾತ್ರ ಮನೆಯವರು ಕಂಡರು. ಅವರ ಮುಖ ನನ್ನ ಮುಖದಂತೆಯೇ ಇತ್ತು.

ನಮ್ಮ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯಿದ್ದಷ್ಟು ಎಂದು ಅದರ ಅರ್ಥ. ಆ ಶಕ್ತಿಯನ್ನು ಅಳೆಯಬೇಕಾದವರು ತ್ಯಜಿಸುವವರೇ ಹೊರತು ನೋಡುವವರಲ್ಲ. ತಾನಾಗಿ ಬಿಟ್ಟದ್ದು ತ್ಯಾಗ. ವೈದ್ಯರು ಬಿಡಿಸಿದ್ದು ಪಥ್ಯ. ಹಿರಿಯರು ಹೆದರಿಸಿ ಬಿಡಿಸಿದ್ದು ಅನ್ನಪಾನನಿರೋಧ. ಮೂರಕ್ಕೂ ಬರಿದಾದ ತಾಟು ಒಂದೇ ಬಗೆಯಾಗಿ ಕಾಣುವುದರಿಂದಲೇ ನಾನು ಮೋಸಹೋದೆ.

ಬಸದಿಗಳ ಆಡಳಿತ ಮಂಡಳಿಯವರಲ್ಲಿ ಎರಡು ಬಿನ್ನಹಗಳಿವೆ. ಪರ್ವದ ಸಾಮೂಹಿಕ ಊಟದಲ್ಲಿ ಹಾಲು ತುಪ್ಪಗಳಿಲ್ಲದ ಒಂದೆರಡು ಪದಾರ್ಥಗಳನ್ನು ಬೇರೆ ಸವಟಿನಿಂದ ಬಡಿಸುವ ಏರ್ಪಾಡಾಗಲಿ. ಎಳೆಯ ತಾಯಂದಿರ ಉಪವಾಸವನ್ನು ವೇದಿಕೆಯ ಮೇಲಿಂದ ಹೊಗಳುವ ಪದ್ಧತಿ ನಿಲ್ಲಲಿ; ಹೊಗಳಿಕೆಯೂ ಒಂದು ಒತ್ತಾಯವೇ.

ಮುಂದಿನ ವರ್ಷದ ದಶಲಕ್ಷಣದಲ್ಲಿ ಏಳನೆಯ ಅಧ್ಯಾಯವನ್ನು ಓದಿ, ಎತ್ತು ಆಕಳುಗಳ ದೃಷ್ಟಾಂತವನ್ನು ಬಿಟ್ಟು ಈ ಕಥೆಯನ್ನೇ ಹೇಳಿದೆ. ಹೇಳುವ ಮುನ್ನ ಸೊಸೆಯ ಅನುಮತಿಯನ್ನು ಕೇಳಿದ್ದೆ. “ಹೇಳ್ರಿ ಮಾವಾರ, ಆದರ ನನ್ನನ್ನ ತಪಸ್ವಿನಿ ಅನ್ನಬ್ಯಾಡ್ರಿ. ಆಗ ನನಗ ಬರೇ ಹಸಿವಾಗಿತ್ತು” ಎಂದಳು.